ದೇಹ ನನ್ನದು, ಔಷಧ ಯಾರದು?

“ನನ್ನ ದೇಹ, ನನ್ನ ಹಣ, ನನ್ನ ಇಚ್ಛೆ, ಇದರಲ್ಲಿ ಅನ್ಯರು ಆಡುವ ಮಾತೇನಿದೆ?” ಎಂಬ ಪ್ರಶ್ನೆಯನ್ನು ಇಂದು ಎಲ್ಲೆಡೆ ಕೇಳುತ್ತೇವೆ. ಉಡುಗೆ ತೊಡುಗೆಯ ವಿಷಯದಲ್ಲಿ, ಊಟ ಉಪಚಾರದ ವಿಷಯದಲ್ಲಿ ಈ ಮಾತಿಗೆ ಎದುರಾಡುವುದು ಕಷ್ಟ. ಆದರೆ ಮೂಗನ್ನು ತಿದ್ದಿಸಿಕೊಳ್ಳುವುದಕ್ಕೋ, ಹೊಟ್ಟೆಯ ಕೊಬ್ಬನ್ನು ತೆಗೆಸುವುದಕ್ಕೋ, ಉದುರಿದ ಕೂದಲನ್ನು ಮತ್ತೆ ನಾಟಿ ಮಾಡಿಸಿಕೊಳ್ಳುವುದಕ್ಕೋ ಆರೋಗ್ಯವಂತನಾದ ಮನುಷ್ಯನೊಬ್ಬನು ಶಸ್ತ್ರಕ್ರಿಯೆಯ ಮೇಜಿನ ಮೇಲೆ ಮಲಗಿದಾಗಲೂ ಈ ಮಾತು ಅಷ್ಟೇ ಸತ್ಯವಾಗಿ ಉಳಿಯುವುದೇ? ಓದುಗ ಬಂಧುಗಳೇ, ಈ ಪ್ರಶ್ನೆಯನ್ನು ಇಂದು ನಾವೂ ನೀವೂ ಸೇರಿ ವಿಚಾರಿಸೋಣ.

ಇದು ಶ್ರೀಮಂತರ ಪ್ರಶ್ನೆ, ನಮಗೇಕೆ ಎಂದು ಯಾರೂ ಭಾವಿಸಬೇಕಾಗಿಲ್ಲ. ಸೌಂದರ್ಯ ಚಿಕಿತ್ಸಕರ ಅಂತಾರಾಷ್ಟ್ರೀಯ ಸಂಘವು 2023ರ ಬಗ್ಗೆ ಮಾಡಿದ ಅಂದಾಜಿನಂತೆ, ಆ ಒಂದೇ ವರ್ಷದಲ್ಲಿ ಜಗತ್ತಿನಾದ್ಯಂತ ಇಂತಹ ಸುಮಾರು 3.5 ಕೋಟಿ ಚಿಕಿತ್ಸೆಗಳು ನಡೆದಿವೆ. ಅವುಗಳಲ್ಲಿ ಅರ್ಧಕ್ಕಿಂತ ತುಸು ಹೆಚ್ಚು ಬರಿಯ ಸೂಜಿಮದ್ದಿನಂತಹವು. ಉಳಿದವು ಕತ್ತಿ ಹಿಡಿದು ಮಾಡಿದವು. ಬೆಂಗಳೂರಿನಂತಹ ಮಹಾನಗರಗಳಲ್ಲಿ ಮಾತ್ರವಲ್ಲದೆ ಜಿಲ್ಲಾ ಕೇಂದ್ರಗಳಲ್ಲಿಯೂ ಇಂದು ಕೂದಲು ನಾಟಿಯ ಫಲಕಗಳು ಕಾಣಿಸುತ್ತವೆ. ಮದುವೆಯ ಮಾತುಕತೆ, ನೌಕರಿಯ ಸಂದರ್ಶನ, ನಾಲ್ಕು ಜನರ ನಗೆ, ಇವೆಲ್ಲ ಸೇರಿ ಸಾಮಾನ್ಯ ಮನೆತನದ ಮಕ್ಕಳನ್ನೂ ಆ ಬಾಗಿಲಿಗೆ ಕರೆದೊಯ್ಯುತ್ತಿವೆ.

ಮೊದಲಿಗೆ ಒಂದು ಮಾತನ್ನು ಸ್ಪಷ್ಟಪಡಿಸಬೇಕು. ಸೌಂದರ್ಯದ ಬಯಕೆಯನ್ನು ಹೀನವೆಂದು ಬಗೆಯುವುದು ಈ ಲೇಖನದ ಉದ್ದೇಶವಲ್ಲ. ಕೆಟ್ಟ ರೂಪವನ್ನು ಸರಿಪಡಿಸುವ ವಿದ್ಯೆ ನಮ್ಮ ನಾಡಿನಲ್ಲಿ ಬಹು ಪ್ರಾಚೀನವಾದುದು. ಕತ್ತರಿಸಿಹೋದ ಮೂಗನ್ನು ಕೆನ್ನೆಯ ಚರ್ಮದಿಂದ ಮರಳಿ ರಚಿಸುವ ಕ್ರಮವನ್ನು ಸುಶ್ರುತ ಸಂಹಿತೆ ವಿವರಿಸುತ್ತದೆ. ಮೂರನೆಯ ಮೈಸೂರು ಯುದ್ಧದಲ್ಲಿ, 1792ರಲ್ಲಿ, ಇಂಗ್ಲಿಷರ ಸೈನ್ಯದ ಎತ್ತುಗಳನ್ನು ಹೊಡೆಯುತ್ತಿದ್ದ ಕಾವಸ್‌ಜಿ ಎಂಬುವನು ಟಿಪ್ಪುವಿನ ಸೈನಿಕರಿಗೆ ಸೆರೆಸಿಕ್ಕಿ ಮೂಗನ್ನೂ ಒಂದು ಕೈಯನ್ನೂ ಕಳೆದುಕೊಂಡನು. ಪುಣೆಯ ಸಮೀಪದಲ್ಲಿ ಇಟ್ಟಿಗೆ ಮಾಡುವ ಕುಲದವನೊಬ್ಬನು ಹಣೆಯ ಚರ್ಮವನ್ನು ಇಳಿಸಿ ಅವನಿಗೆ ಹೊಸ ಮೂಗನ್ನು ಮಾಡಿಕೊಟ್ಟನು. ಈ ಸುದ್ದಿ 1794ರಲ್ಲಿ ಲಂಡನ್ನಿನ ‘ಜೆಂಟಲ್‌ಮನ್ಸ್ ಮ್ಯಾಗಜಿನ್’ ಪತ್ರಿಕೆಯಲ್ಲಿ ಚಿತ್ರಸಹಿತ ಪ್ರಕಟವಾಯಿತು. ಅದರಿಂದ ಪ್ರೇರಿತನಾದ ಕಾರ್ಪ್ಯೂ ಎಂಬ ಶಸ್ತ್ರವೈದ್ಯನು 1814ರಲ್ಲಿ ಲಂಡನ್ನಿನಲ್ಲಿ ಅದೇ ಕ್ರಿಯೆಯನ್ನು ಮಾಡಿದನು. ಮುಂದೆ ಮೊದಲನೆಯ ಮಹಾಯುದ್ಧದಲ್ಲಿ ಮುಖ ಛಿದ್ರವಾಗಿ ಬಂದ ಸೈನಿಕರಿಗೆ 1917ರಿಂದ ಸಿಡ್‌ಕಪ್ಪಿನ ಆಸ್ಪತ್ರೆಯಲ್ಲಿ ಹೆರಾಲ್ಡ್ ಗಿಲ್ಲಿಸ್ ಮತ್ತೆ ಮುಖವನ್ನು ಕೊಟ್ಟರು. ಇವರಲ್ಲಿ ಯಾರ ಕೆಲಸವನ್ನು ವ್ಯರ್ಥವೆನ್ನೋಣ? ಸೀಳುತುಟಿಯ ಕೂಸಿಗೆ, ಬೆಂಕಿಯಲ್ಲಿ ಸುಟ್ಟ ಹೆಣ್ಣುಮಗಳಿಗೆ, ಆ್ಯಸಿಡ್ ದಾಳಿಗೆ ತುತ್ತಾದವರಿಗೆ ಸುರೂಪಿಕಾ ಚಿಕಿತ್ಸೆ ಮರುಜನ್ಮವೇ ಸರಿ.

ಇನ್ನು ಗಾಯವಿಲ್ಲದ, ರೋಗವಿಲ್ಲದ ದೇಹದ ಮಾತು. ಅಲ್ಲಿಯೂ ಗೆರೆ ಎಳೆಯುವುದು ಸುಲಭವಲ್ಲ. ತನ್ನ ಮುಖದ ಕಾರಣಕ್ಕಾಗಿ ಹತ್ತು ವರ್ಷ ಜನರ ನಡುವೆ ತಲೆ ಎತ್ತದ ತರುಣಿಯ ನೋವು ನೋವಲ್ಲವೆಂದು ಹೇಳಲು ನಾವು ಯಾರು? ಆದುದರಿಂದ ಬಯಕೆ ಯೋಗ್ಯವೋ ಅಯೋಗ್ಯವೋ ಎಂಬ ಪ್ರಶ್ನೆಯನ್ನು ಅವರವರ ಅಂತಃಸಾಕ್ಷಿಗೆ ಬಿಡೋಣ. ನಮ್ಮ ಮುಂದಿರುವ ಪ್ರಶ್ನೆ ಬೇರೆ. ಆ ಬಯಕೆಯ ಪೂರೈಕೆಗೆ ಎಲ್ಲರಿಗೂ ಸೇರಿದ ಒಂದು ಸಂಪತ್ತು ವ್ಯಯವಾಗುತ್ತದೆ. ಆ ವ್ಯಯಕ್ಕೆ ಉತ್ತರ ಕೊಡಬೇಕಾದವರು ಯಾರು?

ಆ ಸಂಪತ್ತು ಯಾವುದೆಂದರೆ ಪ್ರತಿಜೀವಕ ಔಷಧಗಳು. ಜನರು ಆಂಟಿಬಯೋಟಿಕ್ ಎಂದು ಕರೆಯುವ ಮಾತ್ರೆ, ಸೂಜಿಮದ್ದುಗಳು. ಇವು ಉಳಿದ ಔಷಧಗಳಂತಲ್ಲ. ನೀವು ತಲೆನೋವಿಗೆ ಒಂದು ಮಾತ್ರೆ ನುಂಗಿದರೆ ಆ ಮಾತ್ರೆ ನೆರೆಯವರ ತಲೆನೋವಿಗೆ ಕೆಲಸ ಮಾಡುವುದನ್ನು ಬಿಡುವುದಿಲ್ಲ. ಪ್ರತಿಜೀವಕದ ರೀತಿ ಬೇರೆ. ಅದು ದೇಹವನ್ನು ಹೊಕ್ಕಾಗ ರೋಗಾಣುವನ್ನು ಮಾತ್ರವಲ್ಲದೆ ಕರುಳಿನಲ್ಲಿ, ಚರ್ಮದ ಮೇಲೆ ನಿರುಪದ್ರವಿಯಾಗಿ ಬಾಳುವ ಕೋಟ್ಯಂತರ ಬ್ಯಾಕ್ಟೀರಿಯಾಗಳನ್ನೂ ಕೊಲ್ಲುತ್ತದೆ. ಅವುಗಳ ನಡುವೆ ಔಷಧಕ್ಕೆ ಮಣಿಯದ ಕೆಲವು ಇದ್ದರೆ ಅವು ಉಳಿದುಕೊಳ್ಳುತ್ತವೆ. ತೆರವಾದ ಜಾಗವನ್ನೆಲ್ಲ ತಮ್ಮ ಸಂತಾನದಿಂದ ತುಂಬುತ್ತವೆ. ತಮ್ಮ ಶಕ್ತಿಯನ್ನು ಬೇರೆ ಜಾತಿಯ ಬ್ಯಾಕ್ಟೀರಿಯಾಗಳಿಗೂ ದಾಟಿಸುತ್ತವೆ. ಕೈಯಿಂದ ಕೈಗೆ, ನೀರಿನಿಂದ ನೀರಿಗೆ, ಆಸ್ಪತ್ರೆಯ ಒಂದು ಮಂಚದಿಂದ ಇನ್ನೊಂದು ಮಂಚಕ್ಕೆ ಅವು ಸಾಗುತ್ತವೆ. ಹೀಗೆ ಒಬ್ಬನು ನುಂಗಿದ ಮಾತ್ರೆ ಇನ್ನೊಬ್ಬನ ಔಷಧವನ್ನು ನಿಸ್ಸತ್ತ್ವಗೊಳಿಸಬಲ್ಲದು.

ಪೆನಿಸಿಲಿನ್ನನ್ನು 1928ರಲ್ಲಿ ಕಂಡುಹಿಡಿದ ಅಲೆಕ್ಸಾಂಡರ್ ಫ್ಲೆಮಿಂಗರು ಈ ಸತ್ಯವನ್ನು ಬಹು ಮೊದಲೇ ಮನಗಂಡಿದ್ದರು. 1945ರ ಡಿಸೆಂಬರಿನಲ್ಲಿ ನೊಬೆಲ್ ಪುರಸ್ಕಾರವನ್ನು ಸ್ವೀಕರಿಸಿ ಮಾಡಿದ ಉಪನ್ಯಾಸದಲ್ಲಿ ಅವರು ಒಂದು ಕಲ್ಪಿತ ದೃಷ್ಟಾಂತವನ್ನು ಹೇಳಿದರು. ಒಬ್ಬ ಗೃಹಸ್ಥನಿಗೆ ಗಂಟಲುನೋವು. ತಾನೇ ಪೆನಿಸಿಲಿನ್ ಕೊಂಡು ಅರೆಬರೆಯಾಗಿ ಸೇವಿಸುತ್ತಾನೆ. ರೋಗಾಣುಗಳು ಸಾಯುವಷ್ಟು ಅಲ್ಲ, ಔಷಧವನ್ನು ಎದುರಿಸಲು ಕಲಿಯುವಷ್ಟು ಮಾತ್ರ. ಅದೇ ರೋಗಾಣು ಅವನಿಂದ ಅವನ ಹೆಂಡತಿಗೆ ತಗಲುತ್ತದೆ. ಆಕೆಗೆ ನ್ಯುಮೋನಿಯಾ ಆಗುತ್ತದೆ. ಪೆನಿಸಿಲಿನ್ ಕೊಟ್ಟರೂ ಗುಣ ಕಾಣದೆ ಆಕೆ ತೀರಿಕೊಳ್ಳುತ್ತಾಳೆ. ಈ ಸಾವಿಗೆ ಮುಖ್ಯವಾಗಿ ಹೊಣೆ ಯಾರು ಎಂದು ಫ್ಲೆಮಿಂಗರು ಸಭೆಯನ್ನು ಕೇಳಿದರು. ವಿಜ್ಞಾನಿಯೊಬ್ಬರು ತಮ್ಮ ಜೀವಿತದ ಅತ್ಯುನ್ನತ ಗೌರವದ ಗಳಿಗೆಯಲ್ಲಿ ಎತ್ತಿದ ಪ್ರಶ್ನೆ ನೈತಿಕ ಪ್ರಶ್ನೆಯಾಗಿತ್ತು ಎಂಬುದು ಗಮನಾರ್ಹ. ಅರೆಬರೆ ಸೇವನೆ ಮಾತ್ರವಲ್ಲ, ಅಗತ್ಯಕ್ಕಿಂತ ಹೆಚ್ಚು ದಿನ ಸೇವಿಸುವುದೂ ಅದೇ ಹಾನಿಯನ್ನು ಮಾಡುತ್ತದೆಂಬುದು ಅನಂತರ ನಾವು ಕಲಿತ ಪಾಠ.

ಈಗ ಸೌಂದರ್ಯದ ಶಸ್ತ್ರಕ್ರಿಯೆಗೂ ಇದಕ್ಕೂ ಇರುವ ಸಂಬಂಧವನ್ನು ನೋಡೋಣ. ಚರ್ಮವು ದೇಹದ ಕೋಟೆ. ಯಾವ ಕಾರಣಕ್ಕೇ ಆಗಲಿ ಅದನ್ನು ಸೀಳಿದರೆ ನಂಜು ಒಳಹೊಗಲು ದಾರಿಯಾಗುತ್ತದೆ. ಒಳಗೆ ಅನ್ಯವಸ್ತುವನ್ನು ಇರಿಸಿದರಂತೂ ಅಪಾಯ ಇನ್ನೂ ಹೆಚ್ಚು. 1957ರಲ್ಲಿ ಎಲೆಕ್ ಮತ್ತು ಕೋನೆನ್ ಎಂಬ ಸಂಶೋಧಕರು ಸ್ವಯಂಸೇವಕರ ಚರ್ಮದಲ್ಲಿ ಪರೀಕ್ಷಿಸಿ ತೋರಿಸಿದಂತೆ, ಸಾಮಾನ್ಯವಾಗಿ ಕೀವು ಕಟ್ಟಬೇಕಾದರೆ ಲಕ್ಷಗಟ್ಟಲೆ ಸ್ಟೆಫಿಲೊಕಾಕಸ್ ಬ್ಯಾಕ್ಟೀರಿಯಾಗಳು ಬೇಕು. ಅಲ್ಲಿ ಒಂದು ಹೊಲಿಗೆಯ ದಾರವಿದ್ದರೆ ನೂರರಷ್ಟು ಸಾಕು. ಎದೆಯಲ್ಲಿ, ಗಲ್ಲದಲ್ಲಿ, ಮೂಗಿನಲ್ಲಿ ಇರಿಸುವ ಸಿಲಿಕೋನ್ ತುಂಡುಗಳ ಮೇಲೆ ಬ್ಯಾಕ್ಟೀರಿಯಾಗಳು ಕೆರೆಯ ಕಲ್ಲಿನ ಮೇಲಿನ ಪಾಚಿಯಂತೆ ಪೊರೆಗಟ್ಟಿ ಕೂರುತ್ತವೆ. ಆ ಪೊರೆಯೊಳಕ್ಕೆ ಔಷಧ ಇಳಿಯುವುದು ದುಸ್ತರ. ಬಹಳ ಸಲ ಆ ವಸ್ತುವನ್ನು ಹೊರತೆಗೆದ ಹೊರತು ನಂಜು ಇಳಿಯುವುದಿಲ್ಲ.

ಇದಕ್ಕೆ ಒಂದು ನಿದರ್ಶನವನ್ನು ಕೊಡಬಹುದು. ಅಮೆರಿಕದ ಅನೇಕ ಮಹಿಳೆಯರು ಕಡಿಮೆ ಖರ್ಚಿನಲ್ಲಿ ಕೊಬ್ಬು ತೆಗೆಸಿಕೊಳ್ಳಲು, ಹೊಟ್ಟೆಯನ್ನು ಬಿಗಿ ಮಾಡಿಸಿಕೊಳ್ಳಲು ಡೊಮಿನಿಕನ್ ಗಣರಾಜ್ಯಕ್ಕೆ ಹೋಗಿಬರುತ್ತಾರೆ. 2003–04ರಲ್ಲಿ, ಮತ್ತೆ 2013–14ರಲ್ಲಿ, ಹಾಗೆ ಹೋಗಿ ಬಂದವರಲ್ಲಿ ಹಲವರಿಗೆ ವಾರಗಳು ಕಳೆದ ಮೇಲೆ ಗಾಯದ ಸುತ್ತ ಗಂಟುಗಳೆದ್ದು ಕೀವು ಸೋರತೊಡಗಿತು. ಸಾಮಾನ್ಯ ಔಷಧಗಳಿಂದ ಗುಣ ಕಾಣಲಿಲ್ಲ. ಪರೀಕ್ಷಿಸಿದಾಗ ಅವರಲ್ಲಿ ಬಹುಮಂದಿಯಲ್ಲಿ ಕಂಡದ್ದು ಮೈಕೋಬ್ಯಾಕ್ಟೀರಿಯಮ್ ಅಬ್ಸೆಸಸ್ ಎಂಬ ಜೀವಾಣು. ಇದು ಕ್ಷಯ, ಕುಷ್ಠಗಳನ್ನು ತರುವ ಜೀವಾಣುಗಳ ದಾಯಾದಿ. ನೀರಿನಲ್ಲಿ, ಮಣ್ಣಿನಲ್ಲಿ, ನಲ್ಲಿಯ ಕೊಳವೆಗಳಲ್ಲಿ ಇದು ಸಹಜವಾಗಿ ವಾಸಿಸುತ್ತದೆ; ಕ್ಲೋರಿನ್ನಿಗೂ ಸುಲಭವಾಗಿ ಸಾಯುವುದಿಲ್ಲ. ಕ್ಷಯದ ಸಾಮಾನ್ಯ ಔಷಧಗಳು ಇದರ ಮುಂದೆ ನಿಷ್ಫಲ. ಎರಡು ಮೂರು ಪ್ರಬಲ ಔಷಧಗಳನ್ನು ಒಟ್ಟಿಗೆ ತಿಂಗಳುಗಟ್ಟಲೆ ಕೊಡಬೇಕು. ಕೆಲವರಿಗೆ ಮತ್ತೆ ಮತ್ತೆ ಶಸ್ತ್ರಕ್ರಿಯೆ ಮಾಡಬೇಕು. ರೂಪವನ್ನು ಅರಸಿ ಹೋದವರು ವಿರೂಪವನ್ನು ಹೊತ್ತು ಬಂದರು. ಅವರನ್ನು ಕಂಡು ನಗುವುದು ಕ್ರೌರ್ಯವಾದೀತು. ಅವರ ತಪ್ಪಿಗಿಂತ, ಸ್ವಚ್ಛತೆಗೆ ಎರವಾದವರ ತಪ್ಪು ದೊಡ್ಡದು.

ಎರಡನೆಯ ನಿದರ್ಶನ ನಮ್ಮ ದೇಶಕ್ಕೇ ಸಂಬಂಧಿಸಿದುದು. ಕಾರ್ಬಪೆನೆಮ್ ಎಂಬ ವರ್ಗದ ಔಷಧಗಳನ್ನು ವೈದ್ಯರು ಕಟ್ಟಕಡೆಯ ಆಸರೆಯೆಂದು ಕಾಯ್ದಿರಿಸುತ್ತಾರೆ. ಅವುಗಳನ್ನೂ ಒಡೆದುಹಾಕುವ ಕಿಣ್ವವೊಂದು 2008ರಲ್ಲಿ, ದೆಹಲಿಯಲ್ಲಿ ಆಸ್ಪತ್ರೆ ಸೇರಿದ್ದ ಒಬ್ಬ ಸ್ವೀಡನ್ ವಾಸಿಯಲ್ಲಿ ಪತ್ತೆಯಾಯಿತು. 2010ರಲ್ಲಿ ‘ಲ್ಯಾನ್ಸೆಟ್’ ಬಳಗದ ಪತ್ರಿಕೆಯಲ್ಲಿ ಬಂದ ಸಂಶೋಧನೆಯು ಆ ಕಿಣ್ವವುಳ್ಳ ಬ್ಯಾಕ್ಟೀರಿಯಾಗಳು ಭಾರತ, ಪಾಕಿಸ್ತಾನ, ಬ್ರಿಟನ್ನುಗಳಲ್ಲಿ ಇರುವುದನ್ನು ತೋರಿಸಿತು. ಅದರಲ್ಲಿ ಪರಿಶೀಲಿಸಿದ ಬ್ರಿಟನ್ನಿನ 29 ರೋಗಿಗಳ ಪೈಕಿ ಕನಿಷ್ಠ 17 ಮಂದಿ ಹಿಂದಿನ ಒಂದು ವರ್ಷದಲ್ಲಿ ಭಾರತಕ್ಕೋ ಪಾಕಿಸ್ತಾನಕ್ಕೋ ಬಂದುಹೋದವರು; 14 ಮಂದಿ ಇಲ್ಲಿನ ಆಸ್ಪತ್ರೆಗಳಲ್ಲಿ ದಾಖಲಾಗಿದ್ದವರು. ಅವರು ಪಡೆದ ಚಿಕಿತ್ಸೆಗಳಲ್ಲಿ ಮೂತ್ರಪಿಂಡದ ಕಸಿ, ಸುಟ್ಟಗಾಯ, ಅಪಘಾತಗಳ ಜೊತೆಗೆ ಸೌಂದರ್ಯದ ಶಸ್ತ್ರಕ್ರಿಯೆಯೂ ಇತ್ತು. ಆ ಕಿಣ್ವದ ಹೆಸರಿನಲ್ಲಿ ದೆಹಲಿಯ ಹೆಸರು ಸೇರಿತೆಂದು ನಮ್ಮಲ್ಲಿ ಬಹಳ ಆಕ್ರೋಶವಾಯಿತು. ಊರಿನ ಹೆಸರಿಗೆ ಕಳಂಕವೆಂಬ ಬೇಸರ ಸಹಜವೇ. ಆದರೆ ಹೆಸರಿನ ಜಗಳದಲ್ಲಿ ಮುಖ್ಯ ಸಂಗತಿ ಹಿಂದೆ ಬಿತ್ತು: ಆರೋಗ್ಯವಾಗಿ ಆಸ್ಪತ್ರೆಯನ್ನು ಹೊಕ್ಕವರೂ ಇಂತಹ ಜೀವಾಣುಗಳಿಗೆ ತಾವರಿಯದೆಯೇ ವಾಹನವಾಗಬಲ್ಲರು.

ಓದುಗರೇ, ಇಷ್ಟಾದ ಮೇಲೆ ಕೆಲವರು ಒಂದು ಪ್ರತಿವಾದವನ್ನು ಮುಂದಿಡುವರು. “ದೇಶದಲ್ಲಿ ನೆಗಡಿಗೂ ಆಂಟಿಬಯೋಟಿಕ್ ನುಂಗುತ್ತಾರೆ, ಕೋಳಿ ಸಾಕಣೆಯಲ್ಲಿ ಮೇವಿಗೇ ಬೆರೆಸುತ್ತಾರೆ. ಸೌಂದರ್ಯ ಚಿಕಿತ್ಸೆಯಲ್ಲಿ ಬಳಕೆಯಾಗುವುದು ಸಮುದ್ರದಲ್ಲಿ ಒಂದು ಬಿಂದು. ಅದನ್ನೇ ಏಕೆ ಹಿಡಿದುಕೊಂಡಿರಿ?” ಈ ವಾದದಲ್ಲಿ ಸತ್ಯಾಂಶವಿದೆ. ಕೊನೆಯ ಆಸರೆಯಾದ ಕೊಲಿಸ್ಟಿನ್ ಎಂಬ ಔಷಧವನ್ನು ಆಹಾರಕ್ಕಾಗಿ ಸಾಕುವ ಪ್ರಾಣಿಗಳಿಗೆ ಕೊಡಬಾರದೆಂದು ಕೇಂದ್ರ ಸರಕಾರ 2019ರಲ್ಲಿ ನಿಷೇಧಿಸಬೇಕಾಯಿತೆಂದರೆ ಅಲ್ಲಿಯ ದುರ್ಬಳಕೆ ಎಷ್ಟಿತ್ತೆಂಬುದನ್ನು ಊಹಿಸಬಹುದು. ಆದರೆ ಊರ ಕೆರೆಯ ನ್ಯಾಯವನ್ನು ನೆನೆಯಿರಿ. ಕಬ್ಬಿನ ಗದ್ದೆಗಳು ಹೆಚ್ಚು ನೀರನ್ನು ಎಳೆಯುತ್ತವೆಂಬುದು ನಿಜ. ಅಷ್ಟರಿಂದ ಹೂದೋಟದವನು ರಾತ್ರಿಯಿಡೀ ತೂಬನ್ನು ತೆರೆದಿಡಬಹುದೆಂದು ಯಾವ ನೀರಗಂಟಿಯೂ ಒಪ್ಪುವುದಿಲ್ಲ. ಬೇಸಿಗೆಯಲ್ಲಿ ನೀರು ಇಳಿದಾಗ ಅವನು ಮೊದಲು ಕೇಳುವುದು, “ಯಾವುದಕ್ಕೆ ಕಾಯುವ ಶಕ್ತಿಯಿದೆ?” ಎಂದು.

ಈ ಪ್ರಶ್ನೆಯಲ್ಲಿಯೇ ನಮ್ಮ ವಿಚಾರದ ತಿರುಳಿದೆ. ಕರುಳು ಹರಿದು ಬಂದ ರೋಗಿಗೆ, ಹೆರಿಗೆಯ ನೋವಿನ ತಾಯಿಗೆ ಕಾಯಲು ಸಮಯವಿಲ್ಲ. ಸ್ಥಳವನ್ನು ಆರಿಸುವ, ದಿನವನ್ನು ಗೊತ್ತುಮಾಡುವ ಸ್ವಾತಂತ್ರ್ಯವಿಲ್ಲ. ಮೂಗು ತಿದ್ದಿಸಿಕೊಳ್ಳುವವನಿಗೆ ಈ ಎಲ್ಲ ಸ್ವಾತಂತ್ರ್ಯವೂ ಉಂಟು. ಸ್ವಾತಂತ್ರ್ಯವಿರುವಲ್ಲಿ ಹೊಣೆಯೂ ಇರುತ್ತದೆ. ಆದುದರಿಂದ ಒಂದು ಸೂತ್ರವನ್ನು ನಾವು ಒಪ್ಪಬಹುದೆಂದು ತೋರುತ್ತದೆ: ಶಸ್ತ್ರಕ್ರಿಯೆಯ ಅಗತ್ಯ ಕಡಿಮೆಯಾದಷ್ಟೂ ಅದನ್ನು ಶುದ್ಧವಾಗಿ, ಮಿತವಾಗಿ ನೆರವೇರಿಸುವ ಹೊಣೆ ಹೆಚ್ಚುತ್ತದೆ. ನಂಜು ಏರಿದ ಮೇಲೆ ಯಾರಿಗೂ ಔಷಧವನ್ನು ನಿರಾಕರಿಸಲಾಗದು, ನಿರಾಕರಿಸಕೂಡದು. ನೊಂದವನ ಮುಂದೆ ನಿಂತು ನೀತಿಬೋಧೆ ಮಾಡುವುದು ವೈದ್ಯಧರ್ಮವಲ್ಲ. ಆದುದರಿಂದಲೇ ಹೊಣೆಯನ್ನು ಮೊದಲೇ ಹೊರಬೇಕು.

ಆ ಹೊಣೆ ವೈದ್ಯನ ಪಾಲಿಗೆ ಹೇಗಿದೆ? ಇಲ್ಲಿ ಭಯವೆಂಬುದೊಂದು ದೊಡ್ಡ ಪಾತ್ರವನ್ನು ವಹಿಸುತ್ತದೆ. ರೋಗಿ ರೋಗದಿಂದ ಸತ್ತರೆ ಜನ ವಿಧಿಯನ್ನು ಹಳಿಯುತ್ತಾರೆ. ಆರೋಗ್ಯವಂತನಾಗಿ ಬಂದವನಿಗೆ ಕೀವು ಕಟ್ಟಿದರೆ ವೈದ್ಯನನ್ನೇ ಹಳಿಯುತ್ತಾರೆ. ಈ ಭಯದಿಂದ “ಇರಲಿ, ಸುರಕ್ಷತೆಗೆ” ಎಂದು ಐದು ದಿನ, ಏಳು ದಿನ ಮಾತ್ರೆ ಬರೆದುಕೊಡುವ ರೂಢಿ ಬೆಳೆಯುತ್ತದೆ. ವಿಶ್ವ ಆರೋಗ್ಯ ಸಂಸ್ಥೆಯು 2016ರಲ್ಲಿ ಹೊರಡಿಸಿದ ಮಾರ್ಗಸೂಚಿ ಈ ವಿಷಯದಲ್ಲಿ ಸ್ಪಷ್ಟವಾಗಿದೆ. ಪ್ರತಿಜೀವಕ ಬೇಕಾದ ಶಸ್ತ್ರಕ್ರಿಯೆಗಳಲ್ಲಿ ಅದನ್ನು ಚರ್ಮ ಸೀಳುವುದಕ್ಕೆ ಮುಂಚಿನ ಎರಡು ಗಂಟೆಯೊಳಗೆ ಕೊಡಬೇಕು. ಶಸ್ತ್ರಕ್ರಿಯೆ ಮುಗಿದ ಮೇಲೆ ಬರಿಯ ಮುಂಜಾಗ್ರತೆಗಾಗಿ ಅದನ್ನು ಮುಂದುವರಿಸಬಾರದು. ಏಕೆಂದರೆ ಮುಂದುವರಿಸಿದ ದಿನಗಳು ನಂಜನ್ನು ತಡೆಯುವುದರಲ್ಲಿ ನೆರವಾಗುವುದಿಲ್ಲ. ಪ್ರತಿರೋಧವನ್ನು ಬೆಳೆಸುವುದರಲ್ಲಿ ಮಾತ್ರ ನೆರವಾಗುತ್ತವೆ. ಹಾಗಾದರೆ ಆ ಏಳು ದಿನದ ಮಾತ್ರೆ ಯಾವ ರೋಗಕ್ಕೆ? ವೈದ್ಯನ ಭಯಕ್ಕೆ ಎನ್ನದೆ ವಿಧಿಯಿಲ್ಲ. ತನ್ನ ಭಯದ ಶಮನಕ್ಕೆ ಲೋಕದ ಔಷಧವನ್ನು ಬಳಸುವುದು ನ್ಯಾಯವೇ? 1847ರಲ್ಲಿ ವಿಯೆನ್ನಾದ ಸೆಮ್ಮೆಲ್‌ವೈಸ್ ವೈದ್ಯರ ಕೈಗಳನ್ನು ತೊಳೆಸಿಯೇ ಬಾಣಂತಿಯರ ಸಾವನ್ನು ಇಳಿಸಿದರು. ಆಗ ಪ್ರತಿಜೀವಕವೆಂಬ ಮಾತೇ ಇರಲಿಲ್ಲ. ಶುಚಿಯ ಜಾಗದಲ್ಲಿ ಮಾತ್ರೆಯನ್ನು ಕೂರಿಸುವುದು ಕಾಯಕಕ್ಕೆ ಬಗೆದ ದ್ರೋಹ.

ಚಿಕಿತ್ಸೆಯನ್ನು ಬಯಸುವವರ ಪಾಲಿಗೂ ಕರ್ತವ್ಯಗಳಿವೆ. ನೀವಾಗಲಿ ನಿಮ್ಮ ಮನೆಯ ಮಕ್ಕಳಾಗಲಿ ಇಂತಹ ಚಿಕಿತ್ಸೆಗೆ ಹೊರಟರೆ ಮೊದಲು ಕೈಗುಣದ ಖ್ಯಾತಿಗಿಂತ ಅರ್ಹತೆಯನ್ನು ವಿಚಾರಿಸಿ. ಕಾರ್ಯಾಗಾರದಲ್ಲಿ ಕುಳಿತೋ ಯೂಟ್ಯೂಬ್ ನೋಡಿಯೋ ಕಲಿತದ್ದು ಕೂದಲು ನಾಟಿಯಂತಹ ಕ್ರಿಯೆಗೂ ಸಾಕಾದ ತರಬೇತಿಯಲ್ಲವೆಂದು ರಾಷ್ಟ್ರೀಯ ವೈದ್ಯಕೀಯ ಆಯೋಗವು 2022ರಲ್ಲಿ ಹೇಳಬೇಕಾಯಿತು. ಮೈಮೇಲೆ ಹುಣ್ಣು, ಹಲ್ಲಿನಲ್ಲಿ ಕೀವು ಇದ್ದರೆ ಅದು ವಾಸಿಯಾಗುವವರೆಗೆ ಕಾಯಿರಿ. ಸಕ್ಕರೆ ಕಾಯಿಲೆಯಿದ್ದರೆ ಹತೋಟಿಗೆ ತನ್ನಿರಿ. ಬೀಡಿ ಸಿಗರೇಟು ಸೇದುವವರು ಕೆಲವು ವಾರ ಮೊದಲೇ ಬಿಡಿ. ಹೊಗೆಯಿಂದ ಗಾಯ ಮಾಯುವುದು ತಡವಾಗುತ್ತದೆ. ಅಗ್ಗವೆಂದು ದೂರದ ಊರಿಗೆ ಹೋಗಿ, ಹೊಲಿಗೆ ಹಸಿಯಿರುವಾಗಲೇ ಬಸ್ಸು ವಿಮಾನ ಹತ್ತಿ ಮರಳಬೇಡಿ. ನಂಜು ತಲೆಯೆತ್ತಿದಾಗ ಶಸ್ತ್ರಕ್ರಿಯೆ ಮಾಡಿದವರು ನಿಮ್ಮ ಬಳಿ ಇರುವುದಿಲ್ಲ. ಔಷಧ ಬರೆದರೆ “ಇದು ಏಕೆ, ಎಷ್ಟು ದಿನ?” ಎಂದು ವಿನಯದಿಂದ ಕೇಳಿ. ಬರೆಯದಿದ್ದರೆ ಒತ್ತಾಯಿಸಬೇಡಿ, ಬರೆಯದಿರುವುದೂ ಒಂದು ಚಿಕಿತ್ಸೆಯೇ. ಉಳಿದ ಮಾತ್ರೆಗಳನ್ನು ಡಬ್ಬಿಯಲ್ಲಿಟ್ಟು ನೆಂಟರಿಗೆ ಹಂಚಬೇಡಿ. ವಾರಗಳ ಮೇಲೆ ಗಾಯ ಮತ್ತೆ ಕೆಂಪಾದರೆ ನಾಚಿಕೆಯಿಂದ ಮುಚ್ಚಿಡದೆ ಶಸ್ತ್ರಕ್ರಿಯೆ ಎಲ್ಲಿ, ಯಾವಾಗ ಆಯಿತೆಂಬುದನ್ನು ವೈದ್ಯರಿಗೆ ತಿಳಿಸಿ, ಕೀವನ್ನು ಪರೀಕ್ಷೆಗೆ ಕಳಿಸಲು ಸಹಕರಿಸಿ.

ಮಠದ ಆಶ್ರಯದಲ್ಲಿ ಓದಿ ಇಂದು ವೈದ್ಯರಾಗಿ, ದಾದಿಯರಾಗಿ, ಔಷಧ ವ್ಯಾಪಾರಿಗಳಾಗಿ ಇರುವ ಬಂಧುಗಳು ನಮ್ಮ ಓದುಗರಲ್ಲಿ ಅನೇಕರಿದ್ದಾರೆ. ಅವರಲ್ಲಿ ಒಂದು ವಿಶೇಷ ವಿನಂತಿ. ಹಲವು ಪ್ರಬಲ ಪ್ರತಿಜೀವಕಗಳನ್ನು ವೈದ್ಯರ ಚೀಟಿಯಿಲ್ಲದೆ ಮಾರಬಾರದು, ಮಾರಿದುದನ್ನು ಪ್ರತ್ಯೇಕ ಪುಸ್ತಕದಲ್ಲಿ ಬರೆದಿಡಬೇಕು ಎಂಬ ನಿಯಮ 2014ರಿಂದ ಜಾರಿಯಲ್ಲಿದೆ. ನಿಯಮ ಕಾಗದದ ಮೇಲಿದ್ದರೆ ಸಾಲದು. ಅಂಗಡಿಯ ಕಟ್ಟೆಯ ಮೇಲೆ ನಿಂತು ಗಿರಾಕಿಗೆ “ಚೀಟಿ ತನ್ನಿರಿ” ಎಂದು ಹೇಳುವ ಒಬ್ಬ ಮನುಷ್ಯ ಬೇಕು. ಆ ಮಾತಿನಿಂದ ಅಂದಿನ ವ್ಯಾಪಾರದಲ್ಲಿ ನಾಲ್ಕು ಕಾಸು ಕಡಿಮೆಯಾದೀತು. ಆ ನಷ್ಟವನ್ನು ದಾಸೋಹವೆಂದು ತಿಳಿಯಬಹುದು.

ಇಷ್ಟೆಲ್ಲ ಕಟ್ಟುನಿಟ್ಟು ಯಾರಿಗಾಗಿ ಎಂಬುದನ್ನು ಕೊನೆಗೊಮ್ಮೆ ನೋಡೋಣ. ದೆಹಲಿಯ ಮೂರು ದೊಡ್ಡ ಆಸ್ಪತ್ರೆಗಳಲ್ಲಿ ಹುಟ್ಟಿದ ಶಿಶುಗಳನ್ನು ಕುರಿತು 2016ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ, ರಕ್ತದ ನಂಜಿಗೆ ಕಾರಣವಾದ ಅಸಿನೆಟೊಬ್ಯಾಕ್ಟರ್ ಬ್ಯಾಕ್ಟೀರಿಯಾಗಳಲ್ಲಿ ಶೇಕಡಾ 82ರಷ್ಟು ಹಲವು ಔಷಧಗಳಿಗೆ ಬಗ್ಗದವಾಗಿದ್ದವು. ಹುಟ್ಟಿ ನಾಲ್ಕು ದಿನವಾಗದ ಕೂಸು ಯಾವ ಮಾತ್ರೆಯನ್ನೂ ದುರ್ಬಳಕೆ ಮಾಡಿರಲಿಲ್ಲ; ಯಾವ ಬಯಕೆಯನ್ನೂ ಪೂರೈಸಿಕೊಂಡಿರಲಿಲ್ಲ. ಜಗತ್ತಿನಲ್ಲಿ 2019ರ ಒಂದೇ ವರ್ಷದಲ್ಲಿ ಔಷಧಕ್ಕೆ ಮಣಿಯದ ಬ್ಯಾಕ್ಟೀರಿಯಾಗಳಿಂದ ನೇರವಾಗಿ ಸತ್ತವರು ಸುಮಾರು 12.7 ಲಕ್ಷ ಮಂದಿಯೆಂದು ‘ಲ್ಯಾನ್ಸೆಟ್’ ಪತ್ರಿಕೆ 2022ರಲ್ಲಿ ಪ್ರಕಟಿಸಿತು. ಇವರಲ್ಲಿ ಇಂಥವರ ಸಾವಿಗೆ ಇಂಥವರ ಮಾತ್ರೆಯೇ ಕಾರಣವೆಂದು ಬೆರಳು ಮಾಡಿ ತೋರಿಸಲಾಗದು. ತೋರಿಸಲಾಗದ ಕಾರಣಕ್ಕೇ ಈ ಪಾಪ ನಮಗೆ ಹಗುರವಾಗಿ ಕಾಣುತ್ತದೆ. ಎಲ್ಲರೂ ಹಂಚಿಕೊಂಡ ಅಪರಾಧದಲ್ಲಿ ತನ್ನ ಪಾಲನ್ನು ಗುರುತಿಸಿಕೊಳ್ಳುವುದು ವಿವೇಕದ ಲಕ್ಷಣ.

ಪ್ರಸಾದ ನಿಲಯದ ಪಂಕ್ತಿಯಲ್ಲಿ ಉಂಡು ಬೆಳೆದವರಿಗೆ ಇದನ್ನು ಹೆಚ್ಚು ವಿವರಿಸಬೇಕಾಗಿಲ್ಲ. ಅಲ್ಲಿ ಯಾರೂ ಯಾರ ಹಸಿವನ್ನೂ ಅಳೆಯುತ್ತಿರಲಿಲ್ಲ, ಬೇಕಾದಷ್ಟು ನೀಡಿಸಿಕೊಳ್ಳಬಹುದಿತ್ತು. ಬಿಡುವಷ್ಟು ನೀಡಿಸಿಕೊಳ್ಳುವುದು ಮಾತ್ರ ತಪ್ಪೆನಿಸುತ್ತಿತ್ತು, ಏಕೆಂದರೆ ಹೊರಗೆ ಎರಡನೆಯ ಪಂಕ್ತಿ ಕಾಯುತ್ತಿತ್ತು. ಪ್ರತಿಜೀವಕಗಳ ಪಾತ್ರೆಯೂ ಅಂತಹುದೇ. ಹೊಸ ಔಷಧಗಳು ಬರುವ ವೇಗಕ್ಕಿಂತ ಹಳೆಯವು ಸೋಲುವ ವೇಗ ಹೆಚ್ಚಾಗಿರುವ ಈ ಕಾಲದಲ್ಲಿ, ನಮ್ಮ ದೇಹ ನಮ್ಮದೆಂದು ಒಪ್ಪಿಕೊಂಡೇ, ಆ ದೇಹಕ್ಕಾಗಿ ಕೈನೀಡುವ ಪಾತ್ರೆ ಎಲ್ಲರದೆಂಬುದನ್ನು ನೆನೆಯಬೇಕು. ಎರಡನೆಯ ಪಂಕ್ತಿಯಲ್ಲಿ ಕೂರುವವರು ನಮ್ಮ ಮಕ್ಕಳು, ಮೊಮ್ಮಕ್ಕಳು.